"ಅಲ್ಲಿ ಸೇಫಾ?" ಅಂತ ಕೇಳುವ ಎಲ್ಲರಿಗೂ

ಸೇಫು. ಆಯ್ತಾ? ಇಷ್ಟಕ್ಕೇ ಸಮಾಧಾನ ಆಗುವವರು ಇಲ್ಲಿಗೇ ನಿಲ್ಲಿಸಬಹುದು. ಯಾರೂ ನಿಲ್ಲಿಸುವುದಿಲ್ಲ ಅಂತ ನನಗೆ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ, ಬಾಯಿ ನೋಯಿಸಿಕೊಳ್ಳುವುದಿಲ್ಲ.

ನಾನಿರುವುದು ಕನಕಪುರ ರಸ್ತೆಯಲ್ಲಿ, ರೇಷ್ಮೆ ಸಂಸ್ಥೆ ಮೆಟ್ರೊ ನಿಲ್ದಾಣದಿಂದ ಇನ್ನೂ ಆಚೆ. ವಯಸ್ಸಾದವರಿಗೆ ಅಂತಲೇ ಕಟ್ಟಿದ ಜಾಗ. ಊಟದ ಹಾಲ್ ಇದೆ, ನರ್ಸ್ ಇದ್ದಾರೆ, ಸಂಜೆ ಭಜನೆ ಇದೆ, ಭಜನೆಯಲ್ಲಿ ಯಾರು ಮೊದಲು ಹಾಡಬೇಕು ಅನ್ನುವ ಜಗಳವೂ ಇದೆ. ಯಜಮಾನರು ತೀರಿಕೊಂಡ ಮೇಲೆ ಹನುಮಂತನಗರದ ಮನೆ ಮಾರಿ ಇಲ್ಲಿಗೆ ಬಂದೆ. ಮನೆ ಮಾರಿದ್ದು ಎಷ್ಟಕ್ಕೆ ಅಂತ ಕೇಳಲು ನಾಚಿಕೆಪಡುವ ನೆಂಟರೆಲ್ಲ ಅದರ ಬದಲು ಈ ಪ್ರಶ್ನೆ ಕೇಳುತ್ತಾರೆ.

ಕೇಳುವ ರೀತಿಯಾದರೂ ಹೇಗೆ! ಮದುವೆಮನೆಯಲ್ಲಿ ಎಲೆ ಮುಂದೆ ಕೂತಿರುತ್ತೇನೆ, ಇನ್ನೂ ಕೋಸಂಬರಿ ಬಡಿಸಿರುವುದಿಲ್ಲ. "ಒಬ್ಬರೇ ಇರ್ತೀರಲ್ಲ, ಅದೂ ಊರಾಚೆ, ಭಯ ಆಗಲ್ವಾ?" ನಾನು ಉತ್ತರ ಹೇಳುವ ಮೊದಲೇ ಯಾವ ಬಡಾವಣೆಯಲ್ಲಿ ಯಾವ ಅಜ್ಜಿಯ ಸರ ಕಿತ್ತರು ಅಂತ ಶುರು. ಪಕ್ಕದ ಎಲೆಯವರು ಸೇರಿಕೊಳ್ಳುತ್ತಾರೆ. ಅನ್ನ ಸಾರು ಬರುವ ಹೊತ್ತಿಗೆ ಮಾತು ದಂಡುಪಾಳ್ಯಕ್ಕೆ ಬಂದಿರುತ್ತದೆ. ಚಿಕ್ಕವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ಹೊಸಕೋಟೆ ಕಡೆಯ ಆ ಊರಿನ ಹೆಸರಲ್ಲಿ ಒಂದು ಗ್ಯಾಂಗ್ ಇತ್ತು, 90ರ ದಶಕದ ಕೊನೆಗೆ ಊರಾಚೆಯ ಒಂಟಿ ಮನೆಗಳಿಗೆ ನುಗ್ಗಿ ಕೊಲೆ, ದರೋಡೆ ಮಾಡುತ್ತಿತ್ತು, ಕುಡಿಯಲು ನೀರು ಕೇಳಿಕೊಂಡು ಬರುತ್ತಿದ್ದರು. ಆಗ ಬೆಂಗಳೂರಿನ ಹೆಂಗಸರು ಯಾರಾದರೂ ನೀರು ಕೇಳಿದರೆ ಕಿಟಕಿಯಿಂದಲೇ ಕೊಡುತ್ತಿದ್ದೆವು. ಆ ಭಯ ನಿಜ. ಆದರೆ ಮೂವತ್ತು ವರ್ಷದ ಹಿಂದಿನ ಆ ಕಥೆಯನ್ನು ನನ್ನ ಎಲೆಯ ಮೇಲೆ ಯಾಕೆ ಬಡಿಸಬೇಕು? ಹೇಳುವಾಗ ಅವರ ಮುಖಕ್ಕೆ ಒಂಥರಾ ಕಳೆ ಬರುತ್ತದೆ, ಅದು ನನಗೆ ಆಗುವುದಿಲ್ಲ.

ಸರಿ, ಭದ್ರತೆ ಏನೇನಿದೆ ಅಂತ ಹೇಳಿಬಿಡುತ್ತೇನೆ. ಗೇಟಿದೆ, ಗೇಟಿನಲ್ಲಿ ಸೆಕ್ಯುರಿಟಿಯವರು. ಯಾರು ಬಂದರೂ ಫೋಟೊ ತೆಗೆದು, ಮೊಬೈಲ್ ಆ್ಯಪಿನಲ್ಲಿ ನಮ್ಮ ಒಪ್ಪಿಗೆ ಕೇಳಿ ಒಳಗೆ ಬಿಡುತ್ತಾರೆ. ನಮ್ಮಲ್ಲಿ ಅರ್ಧ ಜನ ಆ ಹೊತ್ತಿಗೆ ಕನ್ನಡಕ ಹುಡುಕುತ್ತಿರುತ್ತೇವೆ, ಆದ್ದರಿಂದ ಕೊನೆಗೆ ಇಂಟರ್‌ಕಾಮಿನಲ್ಲೇ ಕೇಳುತ್ತಾರೆ. ಕ್ಯಾಮೆರಾಗಳಿವೆ. ಕಾಂಪೌಂಡ್ ಮೇಲೆ ತಂತಿ ಇದೆ. ಮಂಚದ ಪಕ್ಕ, ಬಾತ್‌ರೂಮಿನಲ್ಲಿ ಕರೆಗಂಟೆಯ ಗುಂಡಿ ಇದೆ. ಕೆಲಸಕ್ಕೆ ಬರುವ ಹೆಂಗಸರಿಗೆಲ್ಲ ಪೊಲೀಸ್ ವೆರಿಫಿಕೇಶನ್ ಆಗಿದೆ, ಕೊರಳಲ್ಲಿ ಕಾರ್ಡ್ ಇದೆ. ನಾವು ಒಂದು ಹಳೆ ಸೀರೆ ಕೊಟ್ಟರೂ, ಉಳಿದ ಬಿಸಿಬೇಳೆಬಾತ್ ಡಬ್ಬಿಗೆ ಹಾಕಿ ಕೊಟ್ಟರೂ ಚೀಟಿ ಬರೆದು ಕೊಡಬೇಕು, ಇಲ್ಲದಿದ್ದರೆ ಗೇಟಿನಲ್ಲಿ ನಿಲ್ಲಿಸುತ್ತಾರೆ.

ಇಲ್ಲೊಂದು ತಮಾಷೆ ಇದೆ. ಕೆಲಸದವರು ವರ್ಷಗಟ್ಟಲೆಯಿಂದ ಅವರೇ ಬರುತ್ತಾರೆ. ಅವರ ಮಕ್ಕಳ ಮಾರ್ಕ್ಸ್ ಎಷ್ಟು ಅಂತ ನಮಗೆ ಗೊತ್ತು, ನಮ್ಮ ಬಿಪಿ ಮಾತ್ರೆ ಯಾವ ಡಬ್ಬಿಯಲ್ಲಿದೆ ಅಂತ ಅವರಿಗೆ ಗೊತ್ತು. ಗೇಟಿನಲ್ಲಿ ಅವರ ಬ್ಯಾಗ್ ನೋಡುವ ಹುಡುಗ ಮಾತ್ರ ಮೊನ್ನೆ ಬಂದವನು. ಸೆಕ್ಯುರಿಟಿ ಏಜೆನ್ಸಿ ಈ ಹುಡುಗರನ್ನು ಬದಲಾಯಿಸುತ್ತಲೇ ಇರುತ್ತದೆ. ಪಾಪ, ಹನ್ನೆರಡು ಗಂಟೆ ನಿಂತಿರುತ್ತಾನೆ, ಯಾವುದೋ ದೂರದ ಊರಿನವನು, ನಮ್ಮ ಮುಖ ಪರಿಚಯ ಆಗುವಷ್ಟರಲ್ಲಿ ಬೇರೆ ಸೈಟಿಗೆ ಹಾಕುತ್ತಾರೆ. 2005ರಲ್ಲೇ ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳಿಗೆ ಕಾನೂನು ಬಂದಿದೆ. ಲೈಸೆನ್ಸ್ ಇರಬೇಕು, ಗಾರ್ಡ್‌ಗಳಿಗೆ ತರಬೇತಿ ಕೊಟ್ಟಿರಬೇಕು, ಅವರ ಹಿನ್ನೆಲೆ ವಿಚಾರಿಸಿರಬೇಕು. ಆ ಕಾಗದ ತೋರಿಸಿ ಅಂತ ನಾನು ಆಫೀಸಿನಲ್ಲಿ ಕೇಳಿದ್ದಕ್ಕೆ "ಮೇಡಂ, ಇದೆಲ್ಲ ನಿಮಗ್ಯಾಕೆ" ಅಂದರು. ಕೆಲಸದವಳ ಆಧಾರ್ ಕಾಪಿ ಕೇಳುವಾಗ ಆ ಮಾತು ಯಾರ ಬಾಯಿಗೂ ಬರುವುದಿಲ್ಲ.

ಈಗ ರಾಯರ ಕಥೆ. ನಮ್ಮ ಮಹಡಿಯ ಕೊನೆ ಮನೆಯವರು. ಹೆಸರು ಅದಲ್ಲ, ನಾನು ಇಟ್ಟಿದ್ದು.

ರಾಯರಷ್ಟು ಹುಷಾರಿನ ಮನುಷ್ಯ ಇಲ್ಲಿ ಇನ್ನೊಬ್ಬರಿಲ್ಲ. ಹೊರಗೆ ಕಬ್ಬಿಣದ ಸೇಫ್ಟಿ ಡೋರ್, ಒಳಗೆ ತೇಗದ ಬಾಗಿಲು, ಅದಕ್ಕೆ ನೈಟ್ ಲ್ಯಾಚ್, ಮೇಲೊಂದು ಕೆಳಗೊಂದು ಟವರ್ ಬೋಲ್ಟ್, ಸಾಲದ್ದಕ್ಕೆ ಸರಪಳಿ. ಕೊರಿಯರ್ ಹುಡುಗನಿಗೆ ಮ್ಯಾಜಿಕ್ ಐನಲ್ಲಿ ಐಡಿ ಕಾರ್ಡ್ ತೋರಿಸು ಅನ್ನುತ್ತಿದ್ದರು. ಅಷ್ಟೆಲ್ಲ ಇದ್ದ ಮನೆಯ ಬಾಗಿಲನ್ನು ಒಂದು ದಿನ ಅವರು ಕೆಲಸದವಳಿಗೂ ತೆಗೆಯಲಿಲ್ಲ. ಸಂದಿಯಿಂದ "ಇವತ್ತು ಬೇಡ, ಹೋಗು" ಅಂದರಂತೆ. ಮಾರನೇ ದಿನ ಅದೂ ಇಲ್ಲ. ಬಾಗಿಲಿಗೆ ತೂಗುಹಾಕಿದ ಚೀಲದಲ್ಲಿ ನಂದಿನಿ ಪ್ಯಾಕೆಟ್ ಹಾಗೇ ಇದೆ. ಅವಳು ಸೆಕ್ಯುರಿಟಿಗೆ ಹೇಳಿದಳು. ಅವನು ಇಂಟರ್‌ಕಾಮ್ ಮಾಡಿದ, ರಾಯರು ಆರಾಮಾಗಿದ್ದೀನಿ ಅಂದರು, ಅವನು ರಿಜಿಸ್ಟರಿನಲ್ಲಿ ಹಾಗೇ ಬರೆದುಕೊಂಡ. ಅವನ ಕೆಲಸ ಮುಗಿಯಿತು.

ಅವಳು ಅಲ್ಲಿಗೆ ಬಿಡಲಿಲ್ಲ. ನನ್ನ ಮನೆಗೆ ಬಂದಳು. "ಅಜ್ಜಿ, ರಾಯರು ಒಳಗೆ ಯಾರ ಜೊತೆನೋ ಮಾತಾಡ್ತಾವ್ರೆ. ಅಳ್ತಾ ಇದ್ದಂಗೈತೆ."

ಹೋದೆವು. ಮ್ಯಾನೇಜರ್ ಮಾಸ್ಟರ್ ಕೀ ತಂದರು. ಅದು ಲ್ಯಾಚಿಗೆ ಆಗುತ್ತದೆ, ಒಳಗಿನ ಟವರ್ ಬೋಲ್ಟಿಗೆ ಏನು ಮಾಡುವುದು? ಎಲ್ಲರೂ ಬಾಗಿಲ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಇವಳು ಯುಟಿಲಿಟಿ ಕಡೆಯ ಕಿಟಕಿಗೆ ಹೋಗಿ "ರಾಯರೇ, ಗ್ಯಾಸ್ ಲೀಕಾಗ್ತೈತೆ, ಬಾಗ್ಲು ತೆಗೀರಿ!" ಅಂತ ಕಿರುಚಿದಳು. ಗ್ಯಾಸೂ ಇಲ್ಲ, ಎಂಥದೂ ಇಲ್ಲ. ರಾಯರು ಬಾಗಿಲು ತೆಗೆದರು.

ಡೈನಿಂಗ್ ಟೇಬಲ್ ಮೇಲೆ ಸಕ್ಕರೆ ಡಬ್ಬಕ್ಕೆ ಒರಗಿಸಿದ ಫೋನು. ಫೋನಿನಲ್ಲಿ ಪೊಲೀಸ್ ಡ್ರೆಸ್ ಹಾಕಿಕೊಂಡ ಒಬ್ಬ. ರಾಯರ ಹೆಸರಲ್ಲಿ ಪಾರ್ಸೆಲ್ ಸಿಕ್ಕಿದೆ, ಅದರಲ್ಲಿ ಡ್ರಗ್ಸ್ ಇದೆ, ನೀವು ಡಿಜಿಟಲ್ ಅರೆಸ್ಟಿನಲ್ಲಿದ್ದೀರಿ, ಕ್ಯಾಮೆರಾ ಆಫ್ ಮಾಡುವ ಹಾಗಿಲ್ಲ, ಬಾಗಿಲು ಹಾಕಿಕೊಳ್ಳಿ, ಯಾರಿಗೂ ಹೇಳಬೇಡಿ. ರಾತ್ರಿ ಮಲಗುವಾಗಲೂ ಕ್ಯಾಮೆರಾ ಆನ್ ಇಡಿಸಿದ್ದರಂತೆ. ಅಂದರೆ ನಮ್ಮ ರಾಯರ ಎರಡೂ ಟವರ್ ಬೋಲ್ಟ್ ಹಾಕಿಸಿದ್ದು ಕಳ್ಳನೇ.

ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ಮನ್ ಕಿ ಬಾತಿನಲ್ಲಿ ಇದನ್ನು ಹೇಳಿದ್ದರು. ರಾಯರು ಆ ವಿಡಿಯೊವನ್ನು ನಮ್ಮ ಗ್ರೂಪಿಗೆಲ್ಲ ಕಳಿಸಿದ್ದರು ಕೂಡ! ಗೊತ್ತಿರುವುದು ಬೇರೆ, ಆ ಹೊತ್ತಿಗೆ ನೆನಪಾಗುವುದು ಬೇರೆ. ನಾವು ಕಾಲ್ ಕಟ್ ಮಾಡಿ 1930ಕ್ಕೆ ಫೋನ್ ಮಾಡಿದೆವು. ಸೈಬರ್ ವಂಚನೆಗೆ ಅಂತಲೇ ಇರುವ ನಂಬರ್ ಅದು. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು, ದುಡ್ಡು ಖಾತೆಯಿಂದ ಖಾತೆಗೆ ಓಡುವ ಮೊದಲು ತಡೆಹಿಡಿಯಬಹುದು. ರಾಯರದ್ದು ಸ್ವಲ್ಪ ಹೋಯಿತು, ಸ್ವಲ್ಪ ಬ್ಯಾಂಕಿನಲ್ಲೇ ನಿಂತಿತು, ಎಫ್‌ಡಿ ಮುರಿಸುವ ಮೊದಲು ಸಿಕ್ಕಿದ್ದರಿಂದ ಅದು ಉಳಿಯಿತು. ಎಷ್ಟು ಅಂತ ಕೇಳಬೇಡಿ, ಹೇಳಲ್ಲ.

ನಾನು ಕೆಲಸ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಬೇರೆ ಊರಿಗೆ ಮಾತಾಡಬೇಕಾದರೆ 180ಕ್ಕೆ ಫೋನ್ ಮಾಡಿ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದ ಕಾಲದಲ್ಲಿ. ಸಾಹೇಬರ ಮನೆಯಿಂದ ಅಂದರೆ ಲೈನ್ ಬೇಗ ಸಿಗುತ್ತದೆ ಅಂತ ಅರ್ಧ ಬೆಂಗಳೂರು ಸಾಹೇಬರ ಮನೆಯಿಂದಲೇ ಮಾತಾಡುತ್ತಿತ್ತು. ಅದಕ್ಕೇ ಫೋನಿನ ಗತ್ತಿಗೆ ನಾನು ಹೆದರುವುದು ಕಮ್ಮಿ. ಇನ್ನೊಂದು ನೆನಪಾಗುತ್ತದೆ. ಆ 90ರ ದಶಕದಲ್ಲೇ ನಮ್ಮ ಬೀದಿಯ ಬಾಗಿಲುಗಳ ಮೇಲೆ "ನಾಳೆ ಬಾ" ಅಂತ ಬರೆದಿದ್ದರು. ರಾತ್ರಿ ಹೊತ್ತು ದೆವ್ವ ಬಂದು ನಮ್ಮವರ ದನಿಯಲ್ಲೇ ಕರೆಯುತ್ತದೆ, ತೆಗೆದರೆ ಮುಗೀತು ಅಂತ ಸುದ್ದಿ. ಈಗ ಫೋನಿನಲ್ಲಿ ಬರುವುದೂ ಅದೇ ದೆವ್ವ. ಆದರೆ ಆ ದೆವ್ವ ಮರ್ಯಾದಸ್ಥ. ಓದಲು ಬರುತ್ತಿತ್ತು, ಹೇಳಿದ ಮಾತು ಕೇಳುತ್ತಿತ್ತು.

ಇದಾದ ಮೇಲೆ ನಮ್ಮ ಸಮಿತಿಯವರು ಭದ್ರತೆ ಬಿಗಿಗೊಳಿಸಲು ತುರ್ತು ಮೀಟಿಂಗ್ ಕರೆದರು. ಏನು ತೀರ್ಮಾನ ಆಯಿತು ಗೊತ್ತಾ? ಹಿಂದಿನ ಕಾಂಪೌಂಡಿಗೆ ಇನ್ನೆರಡು ಕ್ಯಾಮೆರಾ. ಡೆಲಿವರಿ ಹುಡುಗರು ಗೇಟ್ ದಾಟುವ ಹಾಗಿಲ್ಲ. ಮತ್ತೆ, ಕೆಲಸದ ಹೆಂಗಸರ ಬ್ಯಾಗನ್ನು ಇನ್ನು ಮೇಲೆ ಹೋಗುವಾಗ ಮಾತ್ರ ಅಲ್ಲ, ಬರುವಾಗಲೂ ಚೆಕ್ ಮಾಡುವುದು. ನಾನು ಎದ್ದು ನಿಂತು, "ರಾಯರ ದುಡ್ಡು ಯಾವ ಗೇಟಿನಿಂದ ಹೊರಗೆ ಹೋಯ್ತು?" ಅಂತ ಕೇಳಿದೆ. ಯಾರೋ ಕೆಮ್ಮಿದರು. ಅಧ್ಯಕ್ಷರು "ಆಂಟಿ, ಜನರಲ್ ಆಗಿ ಹುಷಾರಾಗಿರೋದು ಒಳ್ಳೇದಲ್ವಾ" ಅಂದರು. ಅಧ್ಯಕ್ಷರಿಗೆ ಅರವತ್ತೆಂಟು. ನನ್ನನ್ನು ಆಂಟಿ ಅನ್ನುತ್ತಾರೆ.

ಮಾರನೇ ದಿನದಿಂದ ರಾಯರ ಮನೆಯ ಆ ಹೆಂಗಸು ಬರುವಾಗಲೂ ಬ್ಯಾಗ್ ಬಿಚ್ಚಿ ತೋರಿಸುತ್ತಿದ್ದಾಳೆ. ಒಂದು ಟಿಫನ್ ಡಬ್ಬಿ, ಒಂದು ಛತ್ರಿ.

ಹಾಗಂತ ನಾನೇನು ಬಾಗಿಲು ತೆರೆದಿಟ್ಟು ಮಲಗುವವಳಲ್ಲ. ವಾಟರ್ ಫಿಲ್ಟರ್ ಚೆಕ್ ಮಾಡಬೇಕು ಅಂತ ಯಾರಾದರೂ ಬಂದರೆ ಹೊರಗೇ ನಿಲ್ಲಿಸಿ ಆಫೀಸಿಗೆ ಫೋನ್ ಮಾಡುತ್ತೇನೆ. ವೆರಿಫಿಕೇಶನ್ ಬೇಡ ಅಂತಲೂ ಹೇಳುತ್ತಿಲ್ಲ. ಕಳ್ಳತನ ಆಗುವುದಿಲ್ಲ ಅಂತ ಯಾರು ಹೇಳಿದರು? ನನ್ನ ತಕರಾರು ಇರುವುದು ನಮ್ಮ ಅನುಮಾನವೆಲ್ಲ ಬಡವರ ಬ್ಯಾಗಿನ ಮೇಲೇ ಹೋಗಿ ಕೂರುವುದರ ಬಗ್ಗೆ. ಬೆಂಗಳೂರು ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನವರೂ ಸೇರಿ 2002ರಲ್ಲಿ ಹಿರಿಯರಿಗೆ ಅಂತ 1090 ಸಹಾಯವಾಣಿ ಶುರು ಮಾಡಿದರು. ಅಲ್ಲಿಗೆ ಫೋನ್ ಮಾಡಿ ಅಳುವವರು ಬರೀ ಕಳ್ಳರಿಗೆ ಹೆದರಿದವರು ಅಂದುಕೊಂಡಿದ್ದೀರಾ? ಮಕ್ಕಳ ಮೇಲೂ ದೂರು ಬರುತ್ತದೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ 23ನೇ ಕಲಮು ಅಂತ ಇದೆ. ನೋಡಿಕೊಳ್ಳುತ್ತೇವೆ ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಆಮೇಲೆ ನೋಡಿಕೊಳ್ಳದಿದ್ದರೆ, ಆ ದಾನಪತ್ರ ರದ್ದು ಮಾಡಿಸಬಹುದು. ಎ.ಸಿ., ಅಂದರೆ ಕಂದಾಯ ಇಲಾಖೆಯ ಅಸಿಸ್ಟೆಂಟ್ ಕಮಿಷನರ್ ಸಾಹೇಬರ ಹತ್ತಿರ ಅರ್ಜಿ ಹಾಕಬೇಕು. ಇಂಥ ಕಾನೂನು ಸುಮ್ನೆ ಬರುವುದಿಲ್ಲ. ಮದುವೆಮನೆಯಲ್ಲಿ ನಾನು ಈ ವಿಷಯ ಎತ್ತಿದರೆ ಮಾತ್ರ ಎಲ್ಲರಿಗೂ ತಕ್ಷಣ ಪಾಯಸ ಬೇಕಾಗುತ್ತದೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನಿಮ್ಮ ಮನೆಯ ಇನ್ನೊಂದು ಕೀ ಯಾರ ಹತ್ತಿರ ಇದೆ?

ಹನುಮಂತನಗರದಲ್ಲಿ ನಮ್ಮ ಕೀ ಎದುರು ಮನೆಯವರ ಅಡುಗೆಮನೆಯಲ್ಲಿ ಒಂದು ಮೊಳೆಗೆ ನೇತಾಡುತ್ತಿತ್ತು. ಅವರದ್ದು ನಮ್ಮಲ್ಲಿ. ನಾನು ಡ್ಯೂಟಿಗೆ ಹೋದಾಗ ಗ್ಯಾಸ್ ಸಿಲಿಂಡರ್ ಬಂದರೆ ಅವರೇ ತೆಗೆದು ಇಳಿಸಿಕೊಳ್ಳುತ್ತಿದ್ದರು. ಇಲ್ಲಿ ಬಂದು ನೋಡಿದರೆ ಯಾರೂ ಯಾರಿಗೂ ಕೀ ಕೊಡುವುದಿಲ್ಲ. ಒಂದು ಕೀ ತಮ್ಮ ಹತ್ತಿರ, ಇನ್ನೊಂದು ಅಮೆರಿಕದಲ್ಲಿರುವ ಮಗನ ಹತ್ತಿರ. ಮಗ ಅಲ್ಲಿಂದ ಬಂದು ಬಾಗಿಲು ತೆಗೆಯುತ್ತಾನಾ?

ನಮ್ಮ ವಯಸ್ಸಿನಲ್ಲಿ ಕಳ್ಳನಿಗಿಂತ ಬಾತ್‌ರೂಮಿನ ನೆಲಕ್ಕೆ ಹೆದರಬೇಕು. ಜಾರಿ ಬಿದ್ದರೆ ಆ ಕರೆಗಂಟೆಯ ಗುಂಡಿ ಕೈಗೆ ಸಿಗಬೇಕಲ್ಲ. ಸಿಕ್ಕಿತು, ಒತ್ತಿದಿರಿ, ನರ್ಸ್ ಓಡಿ ಬಂದರು ಅಂತಿಟ್ಟುಕೊಳ್ಳಿ. ಒಳಗಿನಿಂದ ಚಿಲಕ. ಇನ್ನೂ ಒಂದಿದೆ, ಬಾತ್‌ರೂಮ್ ಬಾಗಿಲು ಒಳಮುಖವಾಗಿ ತೆರೆಯುವಂಥದ್ದಾದರೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡ. ಒಡೆಯಲೂ ಆಗದು, ಒಡೆದರೆ ಅವರ ಮೇಲೇ ಬೀಳುತ್ತದೆ. ಹೊರಗಿನವರು ಬರಬಾರದು ಅಂತ ಹಾಕಿಕೊಂಡ ಒಂದೊಂದು ಅಗಳಿಯೂ, ಬರಲೇಬೇಕಾದವರಿಗೂ ಅಗಳಿಯೇ ಅಲ್ವಾ?

ಹಾಗಾಗಿ ನಾನು ಕಾರ್ಪೆಂಟರ್ ಕರೆಸಿ ಬಾತ್‌ರೂಮಿನ ಚಿಲಕ ಕೀಳಿಸಿದೆ. ಅದರ ಜಾಗದಲ್ಲಿ, ಹೊರಗಿನಿಂದ ಒಂದು ನಾಣ್ಯ ಇಟ್ಟು ತಿರುಗಿಸಿದರೆ ತೆರೆಯುವ ಲಾಕ್ ಇದೆ. ಬಾಗಿಲನ್ನು ಹೊರಮುಖಕ್ಕೆ ತಿರುಗಿಸಿ ಹಾಕಿಸಿದೆ. ಮುಂಬಾಗಿಲಿನ ಟವರ್ ಬೋಲ್ಟ್ ತೆಗೆಸಿದೆ, ರಾತ್ರಿ ಬರೀ ನೈಟ್ ಲ್ಯಾಚ್. ಮಗ ಇದನ್ನು ಕೇಳಿ ಗಾಬರಿಯಾಗಿ ಬೆರಳಚ್ಚಿನ ಡಿಜಿಟಲ್ ಲಾಕ್ ಕಳಿಸಿದ. ವಯಸ್ಸಾದ ಮೇಲೆ ಬೆರಳಿನ ಗೆರೆ ಸವೆಯುತ್ತದೆ, ಆಧಾರ್ ಸೆಂಟರಿಗೆ ಹೋದ ಮುದುಕರಿಗೆಲ್ಲ ಗೊತ್ತು. ಆ ಲಾಕು ಅದನ್ನು ಕೂರಿಸಲು ಬಂದ ಹುಡುಗನ ಬೆರಳಿಗೆ ಪಟ್ಟಂತ ತೆರೆಯಿತು, ನನ್ನ ಬೆರಳಿಗೆ ಕೀಂಯ್ ಅಂದಿತು. ನನ್ನ ಮನೆಯ ಮಟ್ಟಿಗೆ ಅಪರಿಚಿತಳು ನಾನೇ. ವಾಪಸ್ ಡಬ್ಬಕ್ಕೆ ಹಾಕಿಟ್ಟಿದ್ದೇನೆ, ಬೇಕಾದವರು ತೆಗೆದುಕೊಂಡು ಹೋಗಬಹುದು.

ಕೀ ಎರಡು ಕಡೆ ಇದೆ. ಒಂದು ಎದುರು ಮನೆಯ ಟೀಚರಮ್ಮನ ಹತ್ತಿರ. ಅವರಿಗೆ ಕಿವಿ ಮಂದ, ರಾತ್ರಿ ಮೆಷಿನ್ ತೆಗೆದಿಟ್ಟು ಮಲಗುತ್ತಾರೆ. ಆದ್ದರಿಂದ ಇನ್ನೊಂದು, ಕೆಲಸಕ್ಕೆ ಬರುವವಳ ಹತ್ತಿರ. ಹೌದು, ರಾಯರ ಮನೆಗೆ ಬರುತ್ತಾಳಲ್ಲ, ಅವಳೇ. ನನ್ನ ಮನೆಗೂ ಅವಳೇ ಬರುವುದು. "ಅಮ್ಮಾ, ಕೆಲಸದವಳಿಗೆ ಕೀ ಕೊಟ್ಟಿದ್ದೀಯಾ?" ಅಂತ ಮಗ ಕೂಗಾಡಿದ. ಬೆಳಗ್ಗೆ ಏಳಕ್ಕೆ ಬರುವವಳು ಅವಳು, ನೀನಲ್ಲ ಅಂದೆ. ಎರಡು ವಾರ ಮುನಿಸಿಕೊಂಡಿದ್ದ.

ಟೀಚರಮ್ಮನೂ ಈಗ ತಮ್ಮ ಕೀ ನನಗೆ ಕೊಟ್ಟಿದ್ದಾರೆ. ರಾಯರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ಬ್ಯಾಗ್ ಚೆಕಿಂಗ್ ಮಾತ್ರ ನಿಂತಿಲ್ಲ. ಅದನ್ನು ಮುಂದಿನ ಮೀಟಿಂಗಿನ ಅಜೆಂಡಾಕ್ಕೆ ಹಾಕಿಸಿದ್ದೇನೆ. "ಇತರೆ ವಿಷಯಗಳು" ಅನ್ನುವುದರ ಕೆಳಗೆ, ಕಾರಂಜಿಯ ಬಣ್ಣದ ಲೈಟಿನ ವಿಷಯ ಆದ ಮೇಲೆ.