ಹೆಸರು ಅಳಿಸಿದ ಕಲ್ಲು ಹುಡುಕುತ್ತಾ ರೋಮ್‌ನಲ್ಲಿ ನಾಲ್ಕು ದಿನ

ರೋಮ್‌ಗೆ ಹೊರಟಿದ್ದೀರಾದರೆ ಮೊದಲ ಕಿವಿಮಾತು: ಕೊಲೊಸಿಯಂ ಟಿಕೆಟ್ ಕಾಯ್ದಿರಿಸುವಾಗ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು, ಅದರಲ್ಲಿರುವ ಹೆಸರನ್ನೇ ಒಂದಕ್ಷರ ಬಿಡದೆ ತುಂಬಿ. ಟಿಕೆಟ್ ಹೆಸರಿನ ಮೇಲೆ ಬರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟ್ ಕೇಳುತ್ತಾರೆ. ನಾನು ರೂಢಿಯಂತೆ ಹೆಂಡತಿಯ ಹೆಸರಿಗೆ ಎರಡು ಇನಿಷಿಯಲ್ ಅಂಟಿಸಿದ್ದೆ. ಪಾಸ್‌ಪೋರ್ಟಿನಲ್ಲಿ ಅವೆರಡೂ ಊರಿನ ಹೆಸರು, ಮಾವನವರ ಹೆಸರು ಆಗಿ ಉದ್ದಕ್ಕೆ ಬಿಚ್ಚಿಕೊಂಡಿವೆ. ಬಾಗಿಲಲ್ಲಿದ್ದ ಯುವತಿ ಎರಡನ್ನೂ ಮೂರು ಸಲ ತಿರುಗಿಸಿ ನೋಡಿ, ಕೊನೆಗೆ ಒಳಗೆ ಬಿಟ್ಟಳು. ಆ ಐದು ನಿಮಿಷ ಹೆಂಡತಿ ನನ್ನನ್ನು ನೋಡಿದ ನೋಟದ ಮುಂದೆ ಆ ಅಖಾಡದ ಸಿಂಹಗಳೂ ಸಾಧುವೇ ಇದ್ದಿರಬೇಕು.

ಹೆಸರಿನ ಫಜೀತಿಯಿಂದ ಶುರುವಾದದ್ದಕ್ಕೋ ಏನೋ, ಉಳಿದ ದಿನಗಳಲ್ಲಿ ನನ್ನ ಕಣ್ಣು ಕಲ್ಲಿನ ಮೇಲಿನ ಹೆಸರುಗಳ ಕಡೆಗೇ ಹೋಯಿತು. ನೀವೂ ಹಾಗೆ ನೋಡಿ ಎನ್ನುತ್ತೇನೆ. ನೂರು ಮುರುಕು ಕಂಬಗಳನ್ನು ಕಂಡು ದಣಿಯುವುದಕ್ಕಿಂತ, ಯಾವ ದೊರೆ ಯಾರ ಹೆಸರನ್ನು ಅಳಿಸಿದ, ಯಾರದನ್ನು ಉಳಿಸಿದ ಎಂದು ಹುಡುಕುತ್ತಾ ಹೋದರೆ ಊರು ತಾನೇ ಮಾತಾಡುತ್ತದೆ.

ಸಾಮಾನ್ಯ ಟಿಕೆಟ್ ನಾವು ಹೋದಾಗ 18 ಯೂರೋ. ಅದರಲ್ಲೇ ಕೊಲೊಸಿಯಂ, ಹಳೆಯ ರೋಮ್‌ನ ನಡುಚೌಕವಾಗಿದ್ದ ಫೋರಂ, ಅದರ ಪಕ್ಕದ ಪ್ಯಾಲಟೈನ್ ಗುಡ್ಡ ಮೂರೂ ಸೇರಿವೆ. ಕೊಲೊಸಿಯಂಗೆ ನಿಗದಿತ ಗಳಿಗೆ ಇರುತ್ತದೆ. ಫೋರಂ ಮತ್ತು ಪ್ಯಾಲಟೈನ್ ಒಂದೇ ಆವರಣ. ಒಳಹೊಕ್ಕು ಹೊರಬಂದರೆ ಮತ್ತೆ ಬಿಡುವುದಿಲ್ಲ. ಆದ್ದರಿಂದ ಊಟಕ್ಕೆಂದು ಮಧ್ಯೆ ಹೊರಬರುವ ಯೋಚನೆ ಬೇಡ. ಅಧಿಕೃತ ಜಾಲತಾಣದಲ್ಲಿ ಸುಮಾರು ಒಂದು ತಿಂಗಳು ಮೊದಲೇ ಟಿಕೆಟ್ ಬಿಡುಗಡೆಯಾಗುತ್ತದೆ. ಅದನ್ನೇ ಎರಡು ಪಟ್ಟು ಬೆಲೆಗೆ ಮಾರುವ ಜಾಲತಾಣಗಳು ಬೇಕಾದಷ್ಟಿವೆ, ಎಚ್ಚರ. ಟೆರ್ಮಿನಿ ರೈಲು ನಿಲ್ದಾಣದಿಂದ ಮೆಟ್ರೋ ಬಿ ಮಾರ್ಗದಲ್ಲಿ ಎರಡನೆಯ ನಿಲ್ದಾಣವೇ ಕೊಲೊಸಿಯಂ.

ಆ ಕಟ್ಟಡವೇ ಒಬ್ಬನ ಗುರುತು ಅಳಿಸಲು ಎದ್ದದ್ದು. ದೊರೆ ನೀರೋ ತನ್ನ ಬಂಗಾರದ ಅರಮನೆಗೆಂದು ತೋಡಿಸಿದ್ದ ಕೆರೆಯನ್ನು ಮುಚ್ಚಿಸಿ, ಮುಂದೆ ದೊರೆಯಾದ ವೆಸ್ಪೇಸಿಯನ್ ಅಲ್ಲಿ ಜನರ ಮನರಂಜನೆಗೆ ರಂಗ ಕಟ್ಟಿಸತೊಡಗಿದ. ಕ್ರಿ.ಶ. 80ರಲ್ಲಿ ಅದನ್ನು ತೆರೆದವನು ಅವನ ಮಗ ಟೈಟಸ್. ತಮಾಷೆಯೆಂದರೆ, ಈಗಿನ ಹೆಸರು ಬಂದದ್ದು ಪಕ್ಕದಲ್ಲಿ ನಿಂತಿದ್ದ ನೀರೋನ ಬೃಹತ್ ಪ್ರತಿಮೆಯಿಂದ ಎನ್ನುತ್ತಾರೆ.

ಹೊರಬಂದರೆ ಎದುರಿಗೇ ಕಾನ್‌ಸ್ಟಂಟೈನನ ಕಮಾನು, ಕ್ರಿ.ಶ. 315ರದು. ಇದಕ್ಕೆ ಟಿಕೆಟ್ ಬೇಡ. ಟ್ರೇಜನ್, ಹೇಡ್ರಿಯನ್, ಮಾರ್ಕಸ್ ಅರೀಲಿಯಸ್ ಇವರ ಸ್ಮಾರಕಗಳಿಂದ ಶಿಲ್ಪಫಲಕಗಳನ್ನು ಕಿತ್ತು ತಂದು ಇದಕ್ಕೆ ಹೊಂದಿಸಿದ್ದಾರೆ. ಹಳೆಯ ದೊರೆಗಳ ಮುಖವನ್ನು ತಿದ್ದಿ ಹೊಸಬರದನ್ನಾಗಿ ಮಾಡಿದ್ದಾರೆ. ಬೈನಾಕ್ಯುಲರ್ ಇದ್ದರೆ ತನ್ನಿ, ಉಪಯೋಗಕ್ಕೆ ಬರುತ್ತದೆ.

ಆದರೆ ನೀವು ನಿಜವಾಗಿ ನಿಂತು ನೋಡಬೇಕಾದದ್ದು ಫೋರಂನ ಇನ್ನೊಂದು ತುದಿಯಲ್ಲಿರುವ ಸೆಪ್ಟಿಮಿಯಸ್ ಸೆವೆರಸ್‌ನ ಕಮಾನು. ಈ ದೊರೆ ಹುಟ್ಟಿದ್ದು ಇಂದಿನ ಲಿಬಿಯಾದಲ್ಲಿ. ಇಂದಿನ ಇರಾನ್ ಕಡೆ ಆಳುತ್ತಿದ್ದ ಪಾರ್ಥಿಯನ್ನರ ಮೇಲಿನ ಗೆಲುವಿಗಾಗಿ ಕ್ರಿ.ಶ. 203ರಲ್ಲಿ ಅವನಿಗೂ ಅವನ ಇಬ್ಬರು ಮಕ್ಕಳಾದ ಕ್ಯಾರಕಲ್ಲ, ಗೇಟಾ ಇವರಿಗೂ ಸೇರಿಸಿ ಇದನ್ನು ಅರ್ಪಿಸಿದರು. 211ರಲ್ಲಿ ತಂದೆ ತೀರಿಕೊಂಡ. ಅದೇ ವರ್ಷ ಅಣ್ಣ ತಮ್ಮನನ್ನು ಕೊಲ್ಲಿಸಿದ, ತಾಯಿಯ ತೋಳುಗಳಲ್ಲೇ ಎಂದು ಆ ಕಾಲದ ಇತಿಹಾಸಕಾರ ಬರೆದಿದ್ದಾನೆ. ಆಮೇಲೆ ಸಾಮ್ರಾಜ್ಯದ ಉದ್ದಗಲಕ್ಕೂ ಗೇಟಾನ ಹೆಸರನ್ನು ಕಲ್ಲಿನಿಂದ ಕೆತ್ತಿ ತೆಗೆಸಿದ.

ಕಮಾನಿನ ನೆತ್ತಿಯ ಶಾಸನದಲ್ಲಿ ಮೇಲಿನಿಂದ ನಾಲ್ಕನೆಯ ಸಾಲು ನೋಡಿ. ಅಲ್ಲಿ ಕಲ್ಲು ಉಳಿದ ಸಾಲುಗಳಿಗಿಂತ ಒಳಕ್ಕೆ ಹೋಗಿದೆ. ಮೊದಲು ಕಂಚಿನ ಅಕ್ಷರಗಳನ್ನು ಮೊಳೆಯಿಂದ ಕೂರಿಸಿದ್ದರು. ಈಗ ಕಾಣುವ ಹೊಸ ಅಕ್ಷರಗಳಿಗೂ ಆ ಹಳೆಯ ಮೊಳೆಗುಳಿಗಳಿಗೂ ತಾಳೆಯಾಗುವುದಿಲ್ಲ. ಗೇಟಾನ ಹೆಸರಿದ್ದ ಜಾಗದಲ್ಲಿ ಅಪ್ಪ ಮತ್ತು ಅಣ್ಣನನ್ನು ಹೊಗಳುವ ಪದಗಳು ಕೂತಿವೆ. ಬೆಳಗಿನ ಓರೆ ಬಿಸಿಲಿನಲ್ಲಿ ಗುಳಿಗಳು ಕಪ್ಪು ಚುಕ್ಕಿಗಳಾಗಿ ಎದ್ದು ಕಾಣುತ್ತಿದ್ದವು. ಪಕ್ಕದಲ್ಲೇ ಗುಂಪುಗಳು ಬಂದವು, ಫೋಟೋ ತೆಗೆದವು, ಹೋದವು. ನಾವು ಅರ್ಧ ಗಂಟೆ ಅಲ್ಲೇ ಕತ್ತೆತ್ತಿ ನಿಂತಿದ್ದೆವು. ಟಿಕೆಟ್ ಇಲ್ಲದವರು ಕ್ಯಾಪಿಟೊಲೈನ್ ಗುಡ್ಡದ ಮೇಲೆ ನಗರಸಭೆಯ ಕಟ್ಟಡದ ಹಿಂದಕ್ಕೆ ಹೋದರೆ ಈ ಕಮಾನು ಹತ್ತಿರದಿಂದಲೇ ಕಾಣುತ್ತದೆ.

ಪ್ಯಾಲಟೈನ್ ಹತ್ತುವಾಗ ಮಂಡಿನೋವಿನವರು ನಿಧಾನ. ಕಲ್ಲುಹಾಸು ಉಬ್ಬುತಗ್ಗು, ಚಪ್ಪಲಿ ಬೇಡ, ಗಟ್ಟಿ ಅಟ್ಟೆಯ ಬೂಟು ಇರಲಿ. ನೀರಿಗೆ ದುಡ್ಡು ಸುರಿಯಬೇಡಿ. ಬೀದಿಬೀದಿಯಲ್ಲಿ ಸದಾ ಹರಿಯುವ ಕಬ್ಬಿಣದ ಕೊಳಾಯಿಗಳಿವೆ, ನೀರು ತಣ್ಣಗೆ ಸೊಗಸಾಗಿದೆ. ಖಾಲಿ ಬಾಟಲಿಯೊಂದು ಚೀಲದಲ್ಲಿದ್ದರೆ ಸಾಕು.

ಹಳೆಯ ದೇವಾಲಯ ಪ್ಯಾಂಥಿಯನ್‌ನಲ್ಲಿ ಇದೆಲ್ಲದರ ಉಲ್ಟಾ ಕಥೆ. ಮುಂಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ಮಾರ್ಕಸ್ ಆಗ್ರಿಪ್ಪ ಕಟ್ಟಿಸಿದ ಎಂದು ಬರೆದಿದೆ, ಈತ ಅಗಸ್ಟಸ್ ದೊರೆಯ ಸೇನಾಪತಿ. ನಿಜಕ್ಕೂ ಈಗಿರುವ ಕಟ್ಟಡ ಮುಗಿದದ್ದು ಹೇಡ್ರಿಯನ್ ಕಾಲದಲ್ಲಿ, ಕ್ರಿ.ಶ. 126ರ ಸುಮಾರಿಗೆ. ಆಗ್ರಿಪ್ಪನದು ಸುಟ್ಟುಹೋಗಿತ್ತು. ಹೇಡ್ರಿಯನ್ ತನ್ನ ಹೆಸರು ಹಾಕಿಕೊಳ್ಳದೆ ಹಳಬನದನ್ನೇ ಉಳಿಸಿದ. ಗುಮ್ಮಟದ ಅಡ್ಡಳತೆ 43 ಮೀಟರಿಗೂ ಹೆಚ್ಚು, ನೆಲದಿಂದ ನೆತ್ತಿಗೂ ಅಷ್ಟೇ ಎತ್ತರ. ನೆತ್ತಿಯ ದುಂಡು ಕಿಂಡಿ ಸದಾ ತೆರೆದೇ ಇರುತ್ತದೆ. ಮಳೆ ಬಂದರೆ ನೀರು ನೇರ ನೆಲಕ್ಕೆ ಬಿದ್ದು ಅಲ್ಲಿನ ಸಣ್ಣ ರಂಧ್ರಗಳಲ್ಲಿ ಇಳಿದುಹೋಗುತ್ತದೆ. 2023ರಿಂದ ಇಲ್ಲಿಗೂ ಪ್ರವೇಶ ಶುಲ್ಕವಿದೆ. ಹತ್ತು ನಿಮಿಷದ ನಡಿಗೆಯಲ್ಲಿ ಜೂಲಿಯಸ್ ಸೀಸರ್ ಕೊಲೆಯಾದ ಜಾಗ, ಲಾರ್ಗೋ ಅರ್ಜೆಂಟೀನಾ. ಅಲ್ಲೀಗ ಬೆಕ್ಕುಗಳ ರಾಜ್ಯ.

ಊಟದ ವಿಷಯ. ಸಸ್ಯಾಹಾರಿಗಳಿಗೆ ಪಿಜ್ಜಾ, ಪಾಸ್ತಾ ಧಾರಾಳ ಸಿಗುತ್ತವೆ. ಆದರೆ ಕಟ್ಟುನಿಟ್ಟಿನವರು ಒಂದು ತಿಳಿದಿರಿ: ಅಲ್ಲಿನ ಪಾಸ್ತಾಗಳ ಮೇಲೆ ಉದುರಿಸುವ ಪೆಕೊರಿನೊ ರೊಮಾನೊ ಚೀಸ್ ಮಾಡುವಾಗ ಹಾಲು ಒಡೆಸಲು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ನಮ್ಮ ಜೊತೆ ಬಂದಿದ್ದ ಅತ್ತಿಗೆ ಇದನ್ನು ಕೇಳಿದ ಮೇಲೆ ಟೊಮೆಟೊ ಸಾಸ್ ಪಾಸ್ತಾ ಬಿಟ್ಟು ಬೇರೆ ಮುಟ್ಟಲಿಲ್ಲ. ಚಟ್ನಿಪುಡಿ ಒಯ್ದದ್ದು ಸಾರ್ಥಕವಾಯಿತು.

ಕೊನೆಯ ದಿನ ವಿಮಾನಕ್ಕೆ ಮುಂಚೆ ಎರಡು ಗಂಟೆ ಉಳಿದರೆ ಟೆರ್ಮಿನಿಯ ಎದುರಿಗೇ ಇರುವ ಪಲಾಜ್ಜೊ ಮಾಸ್ಸಿಮೊ ವಸ್ತುಸಂಗ್ರಹಾಲಯಕ್ಕೆ ಹೋಗಿ. ಸೋಮವಾರ ರಜೆ. ಜನಜಂಗುಳಿ ಇಲ್ಲ. ಮೇಲಂತಸ್ತಿನಲ್ಲಿ ಅಗಸ್ಟಸ್‌ನ ಹೆಂಡತಿ ಲಿವಿಯಾಳ ಮನೆಯ ತೋಟದ ಭಿತ್ತಿಚಿತ್ರ, ನೆಲಮಾಳಿಗೆಯಲ್ಲಿ ನಾಣ್ಯಗಳು. ಗಾಜಿನ ಹಿಂದೆ ದೊರೆಗಳ ಪುಟಾಣಿ ಬೆಳ್ಳಿಯ ಮುಖಗಳು ಸಾಲಾಗಿವೆ. ಅಗಸ್ಟಸ್, ಟೈಬೀರಿಯಸ್ ಇವರ ಇಂಥವೇ ದಿನಾರಿಯಸ್ ನಾಣ್ಯಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಸಿಕ್ಕಿವೆ ಎಂದು ಅತ್ತಿಗೆಗೆ ಹೇಳಿದೆ. ಅವರ ತವರು ಚಿತ್ರದುರ್ಗ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, "ಇಷ್ಟು ದುಡ್ಡು ಕೊಟ್ಟು ಬಂದದ್ದು ನಮ್ಮೂರಲ್ಲಿ ಸಿಕ್ಕಿದ್ದನ್ನು ನೋಡುವುದಕ್ಕಾ?" ಎಂದರು.