ಕರಿಬೇವಿನ ಹಣ್ಣು ಕಪ್ಪಾಗುವ ಕಾಲ

14 ಜುಲೈ 2024, ಭಾನುವಾರ
ಕೋಲಾರ

ಆಷಾಢದ ಗಾಳಿ ಬೆಳಗಿನಿಂದ ಒಂದೇ ಸಮನೆ ಬೀಸುತ್ತಿದೆ. ಮಳೆ ಮಾತ್ರ ಇಲ್ಲ. ತಾರಸಿ ಮೇಲಿನ ಕುಂಡಗಳನ್ನೆಲ್ಲ ಗೋಡೆ ಮರೆಗೆ ಸರಿಸಿದೆ. ಹೊಸದಾಗಿ ನೆಟ್ಟ ಕಡ್ಡಿಗೆ ಬೇರು ಇರುವುದಿಲ್ಲ, ನೀರು ಸರಿಯಾಗಿ ಎಳೆದುಕೊಳ್ಳಲಾಗುವುದಿಲ್ಲ. ಎಲೆಗಳಿಂದ ಮಾತ್ರ ನೀರು ಆರುತ್ತಲೇ ಇರುತ್ತದೆ. ಇಂಥ ಗಾಳಿಗೆ ಸಿಕ್ಕರೆ ಒಂದೇ ದಿನದಲ್ಲಿ ಬಾಡಿಹೋಗುತ್ತದೆ.

ಪುದೀನ ಚೆನ್ನಾಗಿ ಹತ್ತಿಕೊಂಡಿದೆ. ಹಳೇ ಬಸ್ ನಿಲ್ದಾಣದ ಹತ್ತಿರ ತಂದ ಕಟ್ಟಿನಲ್ಲಿ ಚಟ್ನಿಗೆ ಎಲೆ ಬಿಡಿಸಿಕೊಂಡು, ಗಟ್ಟಿ ಕಡ್ಡಿಗಳನ್ನು ತೆಗೆದಿಟ್ಟಿದ್ದೆ. ಕಡ್ಡಿಯಲ್ಲಿ ಎಲೆ ಹುಟ್ಟುವ ಗಂಟಾದ ಗಿಣ್ಣಿನ ಕೆಳಗೆ ಕತ್ತರಿಸಿ, ತುದಿಯ ನಾಲ್ಕು ಎಲೆ ಉಳಿಸಿ, ಲೋಟದ ನೀರಿನಲ್ಲಿ ಇಟ್ಟರೆ ಸಾಕು. ಬೇರು ಬರುವುದು ಹೆಚ್ಚಾಗಿ ಆ ಗಿಣ್ಣಿನಿಂದಲೇ. ಅದಕ್ಕೇ ಒಂದಾದರೂ ಗಿಣ್ಣು ನೀರಲ್ಲಿ ಮುಳುಗಿರಬೇಕು. ಎಲೆ ಮುಳುಗಿದರೆ ಕೊಳೆತು ನೀರು ನಾರುತ್ತದೆ.

ದೊಡ್ಡಪತ್ರೆಗೆ ಇಷ್ಟೂ ಆರೈಕೆ ಬೇಡ. ಮುರಿದ ಕಡ್ಡಿಯನ್ನು ಅರ್ಧ ದಿನ ನೆರಳಲ್ಲಿ ಬಿಟ್ಟು, ಗಾಯ ಒಣಗಿದ ಮೇಲೆ ಮರಳು ಬೆರೆತ ಕೆಮ್ಮಣ್ಣಿಗೆ ಚುಚ್ಚಿದರೆ ಆಯ್ತು. ನೀರು ಜಾಸ್ತಿಯಾದರೆ ಬುಡ ಕೊಳೆಯುತ್ತದೆ, ಅಷ್ಟೇ. ಕೊತ್ತಂಬರಿಯನ್ನು ಬೀಜದಿಂದಲೇ ಬೆಳೆಸಬೇಕು. ಧನಿಯದ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಬೆಳೆಯಬೇಕಾದ ಕುಂಡದಲ್ಲೇ ಬಿತ್ತಬೇಕು. ಕಿತ್ತು ನೆಡುವುದು ಅದಕ್ಕೆ ಆಗಿಬರಲ್ಲ.

ಮಧ್ಯಾಹ್ನ ಪಕ್ಕದ ಮನೆ ಅಕ್ಕ ಬಂದರು. "ಎಲ್ಲಾ ಕಡ್ಡಿಯಲ್ಲೇ ಬರುತ್ತಲ್ಲಮ್ಮ, ಕರಿಬೇವು ಯಾಕೆ ಬರಲ್ಲ? ನೆಟ್ಟಿದ್ದೆಲ್ಲಾ ಒಣಗಿಹೋಯ್ತು" ಅಂದರು. ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಪ್ರತಿ ಗಿಡಕ್ಕೂ ಮರಳಿ ಹುಟ್ಟುವ ಜಾಗ ಬೇರೆ ಬೇರೆ ಇರುತ್ತದೆ. ಪುದೀನಕ್ಕೆ ಅದು ಗಿಣ್ಣು, ಮಜ್ಜಿಗೆ ಹುಲ್ಲಿಗೆ ಬುಡದಲ್ಲಿ ಮರಿಯಾಗಿ ಒಡೆಯುವ ತೆಂಡೆ, ಒಂದೆಲಗಕ್ಕೆ ನೆಲದ ಮೇಲೆ ಹರಿಯುವ ಬಳ್ಳಿ. ಕರಿಬೇವಿನ ಗಟ್ಟಿ ಕಡ್ಡಿಗೆ ಬೇರು ಬರುವುದು ಬಲು ಅಪರೂಪ. ಅದು ಬೀಜದಿಂದ ಬರುತ್ತದೆ, ಇಲ್ಲವೇ ದೊಡ್ಡ ಗಿಡದ ಬೇರಿನಿಂದ ಏಳುವ ಮರಿಯಿಂದ.

ನಮ್ಮ ಹಿತ್ತಲಿನ ಗಿಡದಲ್ಲಿ ಈಗ ಹಣ್ಣಿನ ಗೊಂಚಲು. ಹಸಿರು ಕಾಯಿ ಕೆಂಪಾಗಿ, ಆಮೇಲೆ ನೇರಳೆಗಪ್ಪು ಬಣ್ಣಕ್ಕೆ ತಿರುಗುತ್ತದೆ. ಕಪ್ಪಾದ ತಕ್ಷಣ ಹಕ್ಕಿಗಳು ಮುಗಿಬೀಳುತ್ತವೆ. ನಾವೂ ಅಷ್ಟೇ ಅವಸರ ಮಾಡಬೇಕು. ಹಣ್ಣು ಹಿಸುಕಿ, ತಿರುಳು ತೊಳೆದು, ಬೀಜವನ್ನು ಅದೇ ದಿನ ಬಿತ್ತುವುದು ಒಳ್ಳೆಯದು. ಒಣಗಿಸಿ ಡಬ್ಬಿಯಲ್ಲಿ ಇಟ್ಟರೆ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಹೋಗಿಬಿಡುತ್ತದೆ. ಅಕ್ಕನೂ ನಾನೂ ಕೂತು ಒಂದು ಬೊಗಸೆ ಹಣ್ಣು ಬಿಡಿಸಿ, ಅರ್ಧ ಅವರಿಗೆ, ಅರ್ಧ ನನಗೆ ಅಂತ ಹಾಲಿನ ಪ್ಯಾಕೆಟ್ಟುಗಳಲ್ಲಿ ಬಿತ್ತಿದೆವು. ಕೆಳಗೆ ತೂತು, ಒಳಗೆ ಕೆಮ್ಮಣ್ಣು, ಮರಳು, ಹಳೇ ಕೊಟ್ಟಿಗೆ ಗೊಬ್ಬರ.

ಒಂದು ಮಾತು ಅವರಿಗೆ ಒತ್ತಿ ಹೇಳಿದೆ. ನಮ್ಮ ಬೋರ್‌ವೆಲ್ ನೀರು ಗಡುಸು, ಕುಂಡದ ಅಂಚಿಗೆ ಬಿಳಿ ಕಟ್ಟುತ್ತದೆ. ಅಂಥ ನೀರು ಹಾಕುತ್ತಾ ಹೋದರೆ ಮಣ್ಣು ಕ್ಷಾರವಾಗಿ, ಕಬ್ಬಿಣದ ಅಂಶ ಗಿಡಕ್ಕೆ ಸರಿಯಾಗಿ ದಕ್ಕುವುದಿಲ್ಲ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಕಂಡರೆ ಅದೇ ಸೂಚನೆ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವ ರೂಢಿಯನ್ನು ನಾನಂತೂ ಬಿಟ್ಟಿಲ್ಲ. ಮಳೆ ಬಂದಾಗ ಬಕೆಟ್ ಹಿಡಿದಿಟ್ಟರೆ ಇನ್ನೂ ಒಳ್ಳೆಯದು.

"ಒಗ್ಗರಣೆಗೆ ಯಾವಾಗ ಕೀಳಬಹುದು?" ಅಂತ ಅಕ್ಕ ಕೇಳಿದರು. ಮೊದಲ ವರ್ಷ ಬೇಡ ಅಂದೆ. ಅಡಿ ಎತ್ತರ ಬಂದಾಗ ತುದಿ ಚಿವುಟಿದರೆ ಪಕ್ಕದಲ್ಲಿ ಕವಲೊಡೆಯುತ್ತದೆ. ಆಮೇಲೂ ಬಿಡಿ ಎಲೆ ಕೀಳಬಾರದು, ಕಡ್ಡಿ ಸಮೇತ ಮುರಿಯಬೇಕು. ಅಲ್ಲಿಯವರೆಗೆ ನಮ್ಮ ಗಿಡದಿಂದ ತಗೊಂಡು ಹೋಗಿ ಅಂತ ಹೇಳಿದ್ದೇನೆ.