ಕಚ್ಚು ಹೊಡೆದ ಗೋಡೆ

ಮೇಸ್ತ್ರಿ ಬಂದವರು ಉಳಿ, ಸುತ್ತಿಗೆ ಯಾವುದನ್ನೂ ಚೀಲದಿಂದ ತೆಗೆಯಲಿಲ್ಲ. ಪಡಸಾಲೆಯ ಗೋಡೆಗೆ ಬೆರಳ ಗೆಣ್ಣಿನಿಂದ ಕುಟ್ಟುತ್ತ, ಕಿವಿ ಹತ್ತಿರ ಹಿಡಿದು, ಬಾಗಿಲಿಂದ ಮೂಲೆಯವರೆಗೂ ನಡೆದರು. ಹಲಸಿನ ಹಣ್ಣು ಕೊಳ್ಳುವವರು ಕುಟ್ಟಿ ನೋಡುತ್ತಾರಲ್ಲ, ಹಾಗೆ. ಕೆಲವು ಕಡೆ ಗಟ್ಟಿ ಸದ್ದು, ಕೆಲವು ಕಡೆ ಡಬ ಡಬ.

"ಒಳಗೆ ಬಿಟ್ಕೊಂಡದೆ ಅಕ್ಕಾ. ಇದು ಗೋಡೆ ಅಲ್ಲ, ಗೋಡೆ ಮೇಲೆ ಇನ್ನೊಂದ್ ಗೋಡೆ" ಅಂದರು.

ಆ ಇನ್ನೊಂದು ಗೋಡೆಯನ್ನು ಕಟ್ಟಿಸಿದವರು ಅಲ್ಲೇ ಈಸಿಚೇರಿನಲ್ಲಿ ಪೇಪರ್ ಹಿಡಿದು ಕೂತಿದ್ದರು, ನಮ್ಮಪ್ಪ. ಮನೆಯಲ್ಲಿ ನಾವೆಲ್ಲ ಅವರನ್ನು ಕರೆಯುವುದು ಅಣ್ಣ ಎಂದು. ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ಪುಟವನ್ನೂ ತಿರುಗಿಸಲಿಲ್ಲ.

ಮನೆ ಇರುವುದು ಮಲ್ಲೇಶ್ವರದಲ್ಲಿ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟು ಗಲ್ಲಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕು ಇರುವ ಕಡೆ ಜನ ಬದುಕಲಿ ಎಂದು ಬೆಳೆಸಿದ ಬಡಾವಣೆ ಇದು, ಬಸವನಗುಡಿಯೂ ಅಷ್ಟೇ. ನಮ್ಮ ಮುತ್ತಜ್ಜ ಮನೆ ಕಟ್ಟಿಸಿದ್ದು ಅದಾದ ಇಪ್ಪತ್ತೈದು ವರ್ಷಕ್ಕೆ. ಕಲ್ಲಿನ ಪಾಯ, ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ, ಒಳಕ್ಕೆ ತೇಗದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆಯ ಮದ್ರಾಸ್ ತಾರಸಿ, ಮುಂದಿನ ವರಾಂಡಕ್ಕೆ ಮಂಗಳೂರು ಹೆಂಚು. ಕಿಟಕಿಗಳ ಮೇಲೆ ಮುಂದಕ್ಕೆ ಚಾಚಿದ, ಮರದ ಪಟ್ಟಿ ಹೊಡೆದ ಚೂಪು ಮಾಡು, ಅಂದರೆ ಮಂಕಿ ಟಾಪ್. ಈಗ ಅದಕ್ಕೆ ಭಾರಿ ಮರ್ಯಾದೆ. ಕಾಫಿ ಅಂಗಡಿಗಳು, ಅಪಾರ್ಟ್‌ಮೆಂಟಿನ ಗೇಟುಗಳು ಕೂಡ ಪ್ಲೈವುಡ್ಡಿನ ಮಂಕಿ ಟಾಪ್ ಅಂಟಿಸಿಕೊಂಡಿವೆ. ಅದರ ಕೆಳಗೆ ಕಿಟಕಿಯೇ ಇರುವುದಿಲ್ಲ.

1994ರಲ್ಲಿ ಅಣ್ಣ ಪಿ.ಎಫ್. ಸಾಲ ತೆಗೆದು ಮನೆಯ ಒಳಗೋಡೆಗಳಿಗೆಲ್ಲ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ಸುಣ್ಣದ ಗೋಡೆ ಅಂದರೆ ಆಗ ಬಡತನದ ಗುರುತು; ಒರಗಿದರೆ ಅಂಗಿಗೆ ಬಿಳಿ ಮೆತ್ತಿಕೊಳ್ಳುತ್ತೆ ಎಂದು ನಾವು ಮಕ್ಕಳೂ ಗೊಣಗಿದ್ದು ನಿಜ. ಸಿಮೆಂಟ್ ಆಯಿತು, ಮೇಲೆ ಕ್ರೀಮ್ ಬಣ್ಣದ ಡಿಸ್ಟೆಂಪರ್ ಆಯಿತು, ಅಣ್ಣ ಬಂದವರಿಗೆಲ್ಲ ತೋರಿಸಿದರು. ನಾಲ್ಕನೇ ಮಳೆಗಾಲಕ್ಕೆ ನೆಲದಿಂದ ಮೇಲಕ್ಕೆ ಬಣ್ಣ ಹಪ್ಪಳದ ಹಾಗೆ ಏಳತೊಡಗಿತು. ಅಲ್ಲಿಂದ ಶುರು. ವಾಟರ್‌ಪ್ರೂಫ್ ಬಣ್ಣ, ಅದರ ಮೇಲೆ ಪುಟ್ಟಿ, ಅದೂ ಸಾಲದೆ ಮರದ ಬಣ್ಣದ ಪ್ಯಾನೆಲ್. ಗೋಡೆಗೆ ಬಟ್ಟೆ ತೊಡಿಸಿದ್ದೇ ತೊಡಿಸಿದ್ದು. ತೇವ ಮಾತ್ರ ಎದೆಮಟ್ಟಕ್ಕೆ ಏರಿತು. ಕೊನೆಗೆ ಬಂದ ಒಬ್ಬ ಎಂಜಿನಿಯರ್, "ಇದನ್ನು ರಿಪೇರಿ ಮಾಡೋ ದುಡ್ಡಲ್ಲಿ ಒಡೆದು ನಾಲ್ಕು ಫ್ಲೋರ್ ಎಬ್ಬಿಸಬಹುದು ಮೇಡಂ" ಅಂದರು. ಕಾಫಿ ಕೊಟ್ಟು ಕಳಿಸಿದೆ.

ಮೇಸ್ತ್ರಿ ಮಾಗಡಿ ಕಡೆಯವರು. ಅವರ ತಂದೆ ಸುಣ್ಣದ ಗಾರೆ ಕೆಲಸ ಮಾಡುತ್ತಿದ್ದರಂತೆ. ತೇವ ಯಾಕೆ ಮೇಲೇರಿತು ಎಂದು ಕೇಳಿದ್ದಕ್ಕೆ, "ಮಳೇಲಿ ರೈನ್‌ಕೋಟ್ ಹಾಕ್ಕೊಂಡು ಬಸ್ಸಿಗೆ ಓಡಿ ಅಕ್ಕಾ, ಹೊರಗಿಂದ ನೆನೆಯಲ್ಲ, ಒಳಗಿಂದ ನೆಂದೋಗ್ತೀರ" ಅಂದರು. ಹಳೆಯ ಪಾಯದಲ್ಲಿ ನೆಲದ ಪಸೆಯನ್ನು ತಡೆಯುವ ಪದರ ಇರುವುದಿಲ್ಲ. ಇಟ್ಟಿಗೆ ಅದನ್ನು ದೀಪದ ಬತ್ತಿಯಂತೆ ಎಳೆದುಕೊಳ್ಳುತ್ತದೆ. ಸುಣ್ಣದ ಗಾರೆ ಅದನ್ನು ತನ್ನ ಮೂಲಕ ಹೊರಗೆ ಆರಲು ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ದಾರಿ ಸಿಗದ ಪಸೆ ಇನ್ನೂ ಮೇಲಕ್ಕೆ ಹೋಗುತ್ತದೆ, ಹೋಗುವಾಗ ಉಪ್ಪನ್ನೂ ಹೊತ್ತೊಯ್ಯುತ್ತದೆ, ಆ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮುಖವನ್ನೇ ಪುಡಿ ಮಾಡುತ್ತದೆ. ಇಷ್ಟು ಅರ್ಥವಾಗಲು ನಮಗೆ ಇಷ್ಟು ವರ್ಷ, ಅಷ್ಟು ದುಡ್ಡು ಬೇಕಾಯಿತು.

ಸುಣ್ಣದ ತಯಾರಿ ಮೂರು ವಾರ ಮೊದಲೇ ಹಿತ್ತಲಲ್ಲಿ ನಡೆದಿತ್ತು. ಸುಟ್ಟ ಸುಣ್ಣದ ಕಲ್ಲನ್ನು ಗುಂಡಿಗೆ ಹಾಕಿ ನೀರು ಬಿಟ್ಟರೆ ಸಾರು ಉಕ್ಕಿದ ಹಾಗೆ ಕೊತಕೊತ ಕುದಿಯಿತು. ಅರಳಿದ ಸುಣ್ಣವನ್ನು ನೀರಿನಡಿಯಲ್ಲೇ ಕೊಳೆಸಿ ಇಟ್ಟರು. ಪಕ್ಕದ ಡ್ರಮ್ಮಿನಲ್ಲಿ ಜಜ್ಜಿದ ಅಳಲೆಕಾಯಿ, ಬೆಲ್ಲ ನೆನೆಹಾಕಿದ ನೀರು. ನಾಲ್ಕನೇ ದಿನಕ್ಕೆ ಅದರ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಅಣ್ಣ ಮಾತ್ರ ದಿನಾ ಬೆಳಿಗ್ಗೆ ಹೋಗಿ ಡ್ರಮ್ಮಿನಲ್ಲಿ ಕೋಲಾಡಿಸಿ ಬರುತ್ತಿದ್ದರು. ತಾರಸಿಗೆ ಜಲ್ಲಿ ಗಾರೆ ಹಾಕಿ ಹೆಂಗಸರು ಸಾಲಾಗಿ ಕೂತು, ಇದೇ ನೀರು ಚಿಮುಕಿಸುತ್ತ, ಹಾಡು ಹೇಳಿಕೊಂಡು ಕೊಡತಿಯಲ್ಲಿ ಬಡಿಯುತ್ತಿದ್ದುದನ್ನು ಅವರು ಹುಡುಗರಾಗಿದ್ದಾಗ ಎದುರುಮನೆಯಲ್ಲಿ ನೋಡಿದ್ದರಂತೆ. ಅದನ್ನು ಹೇಳಿದ್ದು ನನಗಲ್ಲ, ಮೇಸ್ತ್ರಿಗೆ.

ಆ ದಿನ ಹತ್ತು ಗಂಟೆಗೆ ಮೊದಲ ಏಟು ಬಿತ್ತು. ಡಬ ಡಬ ಎಂದ ಜಾಗದಲ್ಲಿ ಉಳಿ ತೂರಿಸಿ ಮೀಟಿದರೆ ಸಿಮೆಂಟು ದೋಸೆ ಮಗುಚಿದ ಹಾಗೆ ಹಾಳೆ ಹಾಳೆಯಾಗಿ ಬಂತು. ಎದೆಮಟ್ಟದ ಕೆಳಗೆ ನೋಡುವ ಹಾಗಿರಲಿಲ್ಲ: ಗಾರೆಯೆಲ್ಲ ಕೊಳೆತು, ಇಟ್ಟಿಗೆ ಬೆರಳಿಗೆ ಕುಂಕುಮದಂತೆ ಉದುರುತ್ತಿತ್ತು. ಮೇಲಿನ ಭಾಗಕ್ಕೆ ಬಂದಾಗ ಮೇಸ್ತ್ರಿ ಕೈ ನಿಲ್ಲಿಸಿದರು.

ಸಿಮೆಂಟಿನ ಕೆಳಗೆ ಹಳೆಯ ಸುಣ್ಣದ ಗಾರೆ ಹಾಗೇ ಇತ್ತು. ಮೊಟ್ಟೆಯ ಚಿಪ್ಪಿನ ಬಣ್ಣ, ಅಂಥದೇ ನುಣುಪು, ಏಪ್ರಿಲ್ ಬಿಸಿಲಲ್ಲೂ ತಣ್ಣಗೆ. ಮುತ್ತಜ್ಜನ ಕಾಲದ ಯಾರೋ ಕರಣೆಯಲ್ಲಿ ತೀಡಿ ತೀಡಿ ತಂದ ಹೊಳಪು. ಆದರೆ ಅದರ ತುಂಬ, ಮೇಲಿನಿಂದ ಕೆಳಗೆ, ಒಂದು ಗೇಣು ಜಾಗವನ್ನೂ ಬಿಡದೆ, ಉಳಿಯ ಗಾಯಗಳು. ಸಿಡುಬಿನ ಕಲೆಯ ಮುಖದ ಹಾಗೆ.

"ಇದೇನು, ಹುಳ ತಿಂದಿದೆಯಾ?" ಅಂದೆ.

"ಹುಳ ಅಲ್ಲಕ್ಕಾ, ಕಚ್ಚು. ನುಣ್ಣಗಿರೋ ಗಾರೆ ಮೇಲೆ ಸಿಮೆಂಟ್ ಕೂರಲ್ಲ. ಅದಕ್ಕೆ ಮೊದ್ಲು ಉಳಿಯಲ್ಲಿ ಕಚ್ಚು ಹೊಡೀತಾರೆ."

ಅಣ್ಣ ಈಸಿಚೇರಿನಿಂದ ಎದ್ದರು. 82ರ ಮಂಡಿಗೆ ಅದು ಸುಲಭದ ಕೆಲಸವಲ್ಲ. ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟು, ನಿಧಾನವಾಗಿ ಅಕ್ಕಪಕ್ಕ ಸವರಿದರು. ಆಮೇಲೆ ನನ್ನ ಹತ್ತಿರ ಟೇಪು ಕೇಳಿದರು. ಒಂದು ಚದರಡಿ ಅಳತೆ ಮಾಡಿ, ಬೆರಳಿಟ್ಟು ಎಣಿಸಿದರು. 31.

"ಕೂಲಿ ಬೇರೆ ತೊಗೊಂಡರು ಇದಕ್ಕೆ" ಅಂದರು. "ಒಂದು ವಾರ ಬರೀ ಇದೇ ಕೆಲಸ. ಟಕ ಟಕ ಟಕ. ನಿಮ್ಮಜ್ಜಿ ತಲೆನೋವು ಅಂತ ಮಗಳ ಮನೆಗೆ ಹೊರಟುಹೋದಳು. ನಾನು ಮುಂದೆ ನಿಂತು, ಅಲ್ಲಿ ಬಿಟ್ಟಿದೀರ, ಇಲ್ಲಿ ಬಿಟ್ಟಿದೀರ ಅಂತ ಹೊಡೆಸಿದೆ."

ಮೇಸ್ತ್ರಿ ಬೀಡಿ ಹಚ್ಚುವ ನೆಪದಲ್ಲಿ ಹೊರಗೆ ಹೋದರು. ನನಗೆ ಏನು ಹೇಳಬೇಕೆಂದು ತೋಚದೆ, "ಆಗ ಎಲ್ಲರೂ ಹಾಗೇ ಮಾಡಿಸ್ತಿದ್ರು ಬಿಡಿ ಅಣ್ಣ" ಅಂದೆ. ಅವರು ಉತ್ತರ ಕೊಡಲಿಲ್ಲ. ತಿರುಗಿ, ಬೆನ್ನನ್ನು ಗೋಡೆಗೆ ಒತ್ತಿ ಒಂದು ನಿಮಿಷ ನಿಂತರು. ಅಂಗಿಗೆ ಬಿಳಿ ಹತ್ತಿತು. ಬೇಸಿಗೆಯಲ್ಲಿ ಸ್ಕೂಲಿಂದ ಬಂದು ಹೀಗೇ ನಿಲ್ಲುತ್ತಿದ್ದೆ ಅಂದರು.

ಮಧ್ಯಾಹ್ನ ಊಟಕ್ಕೆ ಕೂತಾಗ ತೀರ್ಮಾನವಾಯಿತು: ಗಟ್ಟಿಯಿರುವ ಹಳೆ ಗಾರೆ ಹಾಗೇ ಉಳಿಯಲಿ, ಕಚ್ಚುಗಳನ್ನು ಒಂದೊಂದಾಗಿ ಸಣ್ಣ ಕರಣೆಯಲ್ಲಿ ಸುಣ್ಣ ಮೆತ್ತಿ ಮುಚ್ಚೋಣ. ಕೆಳಗಿನದು ಮಾತ್ರ ಹೊಸದು: ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ ಅಂದರೆ ಇಟ್ಟಿಗೆಯ ಪುಡಿ, ಎರಡು ಪಾಲು ಮರಳು. ಈ ಲೆಕ್ಕ ಮೇಸ್ತ್ರಿಯದು. ಒಂದು ಗೋಡೆಗೆ ಹದಿನೇಳು ದಿನ ಹಿಡಿಯಿತು.

ಎಲ್ಲವನ್ನೂ ಹಾಗೇ ಉಳಿಸಿದೆವು ಎಂದು ಬೀಗುವುದಕ್ಕೇನೂ ಇಲ್ಲ. ಬಚ್ಚಲಿನ ಹಂಡೆ ಒಲೆ ಹೋಯಿತು, ಅಣ್ಣನಿಗಾಗಿ ಕಮೋಡ್ ಬಂತು. ಕೆಂಪು ನೆಲದ ಬಿರುಕಿಗೆ ಹಾಕಿದ ರೆಡ್ ಆಕ್ಸೈಡ್ ತೇಪೆ ಹಳೆಯ ಬಣ್ಣಕ್ಕೆ ಕೂಡಲೇ ಇಲ್ಲ, ಅದರ ಮೇಲೆ ಈಗ ಚಾಪೆ ಇದೆ. ವರಾಂಡದ ಹೆಂಚು ಇನ್ನೊಂದು ಕಥೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಶುರು ಮಾಡಿದ ಹೆಂಚಿನ ಉದ್ಯಮ ಮೊದಲ ಮಹಾಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು; ನಮ್ಮ ಹೆಂಚುಗಳ ಬೆನ್ನ ಮೇಲಿರುವುದು ಆ ಹೆಸರೇ. ಒಂದು ಕಾರ್ಖಾನೆಯ ಹೆಂಚಿನ ಕಚ್ಚು ಇನ್ನೊಂದರದಕ್ಕೆ ಸರಿಯಾಗಿ ಕೂರುವುದಿಲ್ಲ. ಒಡೆದ 40 ಹೆಂಚಿಗಾಗಿ, ಕೆಡವಿದ ಮನೆಗಳ ಸಾಮಾನು ಮಾರುವ ಅಂಗಡಿಗಳನ್ನು ಎರಡು ತಿಂಗಳು ಸುತ್ತಿದೆ. ಅಂದರೆ ನಮ್ಮ ಮನೆ ನಿಲ್ಲಲು ಇನ್ನೊಬ್ಬರ ಮನೆ ಬೀಳಬೇಕಾಯಿತು. ಆ ಹೆಂಚುಗಳನ್ನು ಏರಿಸುವಾಗ ಖುಷಿಯೇನೂ ಆಗಲಿಲ್ಲ.

ಹೋಗುವಾಗ ಮೇಸ್ತ್ರಿ ಹೇಳಿದ್ದು ಎರಡೇ ಮಾತು. ಗಾರೆಗೆ ಎರಡು ವಾರ ದಿನಕ್ಕೆ ಮೂರು ಸಲ ನೀರು ಚಿಮುಕಿಸಿ. ಮತ್ತೆ, ಸುಣ್ಣ ಬಿಟ್ಟು ಬೇರೆ ಬಣ್ಣ ಬಳೀಬೇಡಿ. ನೀರಿನ ಕೆಲಸ ಅಣ್ಣ ವಹಿಸಿಕೊಂಡರು. ರಾತ್ರಿ ಟಾರ್ಚ್ ಹಿಡಿದು ಎದ್ದು ಹೋಗಿ ಚಿಮುಕಿಸಿದ್ದೂ ಉಂಟು. ವಿಟ್ರಿಫೈಡ್ ಟೈಲ್ಸ್ ಹಾಕಿಸಿ ಎಂದು ವರ್ಷಗಟ್ಟಲೆ ಉಪದೇಶ ಮಾಡಿದ ದಾಯಾದಿ ಒಬ್ಬರು ಬಂದು ಗೋಡೆಗೆ ಒರಗಿದರೆ, "ಏಯ್, ಹಸಿ ಇದೆ ಕಣಯ್ಯ, ಈ ಕಡೆ ಬಾ" ಎಂದು ಗದರಿದರು.

ಮಳೆಗಾಲ ಬಂತು. ಜುಲೈಯಲ್ಲಿ ಗೋಡೆಯ ಕೆಳಗೆ, ಒಂದೂವರೆ ಅಡಿ ಎತ್ತರಕ್ಕೆ, ಮತ್ತೆ ಪಸೆಯ ಗೆರೆ ಕಾಣಿಸಿತು. ನನಗೆ ಎದೆ ಧಸಕ್ ಎಂದಿತು. ಫೋನಿನಲ್ಲಿ ಮೇಸ್ತ್ರಿ ನಕ್ಕರು. "ಬರ್ಲಿ ಬಿಡಿ ಅಕ್ಕಾ. ಬಂದಿದ್ದು ಹೊರಗೆ ಹೋಗ್ತದಲ್ಲ" ಅಂದರು. ಅಣ್ಣ ಗೆರೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿ ತಾರೀಖು ಬರೆದರು, ನಾವು ಚಿಕ್ಕವರಿದ್ದಾಗ ಬಾಗಿಲವಾಡಕ್ಕೆ ನಿಲ್ಲಿಸಿ ನಮ್ಮ ಎತ್ತರ ಬರೆಯುತ್ತಿದ್ದ ಹಾಗೆ. ಈಗ ಅಲ್ಲಿ ಮೂರು ಗೆರೆಗಳಿವೆ. ಮೂರನೆಯದು ಮೊದಲನೆಯದಕ್ಕಿಂತ ನಾಲ್ಕು ಬೆರಳು ಕೆಳಗೆ. ಇವತ್ತು ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಅಣ್ಣ ಗೋಡೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು.

"ಪೆನ್ಸಿಲ್ ಎಲ್ಲಿಟ್ಟೆಯೇ?" ಅಂದರು.